ಉಳಿಕೆ ಏಕೆ ತಾಳೆಯಾಗುತ್ತಿಲ್ಲ?

ಕೇಳುಗರಿಗೆ ನಮಸ್ಕಾರ. ಈಥರ್ ಎಂಬ ಡಿಜಿಟಲ್ ಹಣ ಓಡಾಡುವ ಜಾಲ ಇಥೀರಿಯಂ. ಅದರ ವಿಳಾಸವೊಂದರ, ಅಂದರೆ ಖಾತೆಯೊಂದರ, ವಹಿವಾಟನ್ನೆಲ್ಲ ಎಪಿಐ ಮೂಲಕ, ಅಂದರೆ ನಿಮ್ಮ ಪ್ರೋಗ್ರಾಂನಿಂದಲೇ ಕೇಳಿ, ತರಿಸಿಕೊಳ್ಳುತ್ತೀರಿ. ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆಯುತ್ತೀರಿ. ಉಳಿಕೆ ಮಾತ್ರ ತಾಳೆಯಾಗುವುದಿಲ್ಲ. ವಹಿವಾಟನ್ನು ಬ್ಲಾಕ್ ಎಂಬ ಕಂತೆಗಳಲ್ಲಿ ದಾಖಲಿಸುವ ಬ್ಲಾಕ್‌ಚೈನ್ ತಪ್ಪಿರುವುದಿಲ್ಲ, ಸಾಮಾನ್ಯವಾಗಿ ನಾವು ಕೇಳಿದ ಪಟ್ಟಿಯೇ ಅರ್ಧದ್ದಾಗಿರುತ್ತದೆ.

ಈ ದಾಖಲೆಗಳನ್ನು ಹುಡುಕಿಕೊಡುವ ಈಥರ್‌ಸ್ಕ್ಯಾನ್ ಸೇವೆಯನ್ನೇ ತೆಗೆದುಕೊಳ್ಳೋಣ. ಖಾತೆ ತೆರೆದು ಎಪಿಐ ಕೀ ಪಡೆಯಬೇಕು. ಅದರ ಎರಡನೇ ಆವೃತ್ತಿಯಲ್ಲಿ ಚೈನ್‌ಐಡಿ, ಅಂದರೆ ಯಾವ ಜಾಲ ಎಂಬ ಸಂಖ್ಯೆ, ಸೂಚಿಸಬೇಕು. ಇಥೀರಿಯಂ ಮುಖ್ಯಜಾಲಕ್ಕೆ ಅದು 1. ಮಾಡ್ಯೂಲ್ ‘ಅಕೌಂಟ್’, ಆ್ಯಕ್ಷನ್ ‘ಟಿಎಕ್ಸ್‌ಲಿಸ್ಟ್’. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಜಾಲದ ಮೇಲೆಯೇ ಓಡುವ ಪ್ರೋಗ್ರಾಂ, ಅದರ ಒಳಗಿನಿಂದ ಬಂದ ಈಥರ್ ಇದರಲ್ಲಿ ಇರುವುದಿಲ್ಲ, ಅದಕ್ಕೆ ‘ಟಿಎಕ್ಸ್‌ಲಿಸ್ಟ್‌ಇಂಟರ್ನಲ್’ ಕೇಳಬೇಕು. ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿಯಂಥ ಟೋಕನ್‌ಗಳಿಗೆ ‘ಟೋಕನ್‌ಟಿಎಕ್ಸ್’. 2023ರ ಏಪ್ರಿಲ್‌ನಿಂದ ಸ್ಟೇಕಿಂಗ್ ಹಣ, ಅಂದರೆ ಜಾಲ ನಡೆಸಲು ಠೇವಣಿಯಿಟ್ಟ ಈಥರ್, ವಾಪಸ್ಸಾಗುತ್ತಿದೆ. ಅದರ ಪಟ್ಟಿಯೂ ಬೇರೆ, ಮೊತ್ತವೂ ಈಥರ್‌ನ ಅತಿ ಸಣ್ಣ ಚೂರಾದ ವೇಯ್‌ನಲ್ಲಲ್ಲ, ನೂರು ಕೋಟಿ ವೇಯ್‌ಗೆ ಸಮನಾದ ಗ್ವೇಯ್‌ನಲ್ಲಿ.

ಪುಟ ತಿರುವುವಾಗ ಎಚ್ಚರ ಬೇಕು. ಒಂದು ಹುಡುಕಾಟಕ್ಕೆ ಇಷ್ಟೇ ಸಾಲು ಎಂಬ ಮಿತಿಯಿದೆ. ದೊಡ್ಡ ವಿಳಾಸವಾದರೆ ಹಳೆಯದರಿಂದ ಹೊಸದರತ್ತ ಜೋಡಿಸಿ ತರಿಸಿ. ಕೊನೆಯ ಬ್ಲಾಕಿನ ಸಾಲುಗಳನ್ನೆಲ್ಲ ಬಿಸಾಡಿ, ಅದೇ ಬ್ಲಾಕಿನಿಂದ ಮತ್ತೆ ಕೇಳಿ. ಮುಂದಿನ ಬ್ಲಾಕಿಗೆ ಜಿಗಿದರೆ, ನಡುವೆ ತುಂಡಾದ ಬ್ಲಾಕಿನ ಉಳಿದ ಸಾಲುಗಳು ಹೋದಂತೆಯೇ. ಹ್ಯಾಶ್, ಅಂದರೆ ವಹಿವಾಟಿನ ಗುರುತು, ನೋಡಿ ನಕಲು ತೆಗೆಯುವುದೂ ಟೋಕನ್ ಪಟ್ಟಿಯಲ್ಲಿ ನಡೆಯದು: ಒಂದೇ ಹ್ಯಾಶ್‌ನಲ್ಲಿ ನಾಲ್ಕಾರು ವರ್ಗಾವಣೆ ಇರಬಹುದು.

ಇನ್ನೊಂದು ಕಿರಿಕಿರಿ. ವಹಿವಾಟು ಇಲ್ಲದಿದ್ದರೂ ಉತ್ತರದಲ್ಲಿ ಸ್ಟೇಟಸ್ ಸೊನ್ನೆ, ವೇಗದ ಮಿತಿ ಮೀರಿದರೂ ಸೊನ್ನೆ. ಸಂದೇಶವನ್ನು ಓದಿಯೇ ಬೇರ್ಪಡಿಸಬೇಕು. ಎರಡನ್ನೂ ‘ಖಾಲಿ’ ಎಂದುಕೊಂಡ ಪ್ರೋಗ್ರಾಂ ಇಡೀ ಪುಟವನ್ನೇ ಸದ್ದಿಲ್ಲದೆ ನುಂಗಿಬಿಡುತ್ತದೆ.

ಈಥರ್ ವಹಿವಾಟಿನ ಮೊತ್ತ ಬರುವುದು ವೇಯ್‌ನಲ್ಲಿ, ಅಕ್ಷರಸರಣಿಯಾಗಿ (ಸ್ಟ್ರಿಂಗ್). ಒಂದು ಈಥರ್ ಎಂದರೆ ಒಂದರ ಮುಂದೆ 18 ಸೊನ್ನೆಯಷ್ಟು ವೇಯ್. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 9,007,199,254,740,991ರ ಆಚೆಗೆ ನಿಖರವಲ್ಲ, ಅದು 0.01 ಈಥರ್‌ಗಿಂತಲೂ ಕಡಿಮೆ. ಆದ್ದರಿಂದ ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಬಳಸಿ. ಯುಎಸ್‌ಡಿಟಿಗೆ ದಶಾಂಶ ಸ್ಥಾನ 6 ಮಾತ್ರ. 18 ಸ್ಥಾನವೆಂದುಕೊಂಡು ಭಾಗಿಸಿದರೆ ಸಾವಿರಾರು ಡಾಲರ್ ಕಣ್ಣಿಗೇ ಕಾಣದಷ್ಟು ಪುಡಿಯಾಗುತ್ತದೆ. ಟೋಕನ್ನನ್ನು ಹೆಸರಿನಿಂದ ಗುರುತಿಸಬೇಡಿ, ನಕಲಿಗಳು ಬೇಕಾದಷ್ಟಿವೆ. ಕಾಂಟ್ರ್ಯಾಕ್ಟ್ ವಿಳಾಸ ನೋಡಿ. ವಿಳಾಸಗಳನ್ನು ಹೋಲಿಸುವ ಮೊದಲು ಎರಡನ್ನೂ ಸಣ್ಣಕ್ಷರಕ್ಕೆ ತನ್ನಿ.

ವಿಫಲ ವಹಿವಾಟಿನಲ್ಲಿ ಹಣ ಸಾಗುವುದಿಲ್ಲ, ಆದರೆ ಗ್ಯಾಸ್, ಅಂದರೆ ಜಾಲಕ್ಕೆ ಕೊಡುವ ಶುಲ್ಕ, ಹೋಗಿಯೇ ಹೋಗುತ್ತದೆ. ಅದನ್ನು, ವಹಿವಾಟು ಕಳಿಸಿದವರ ಲೆಕ್ಕದಲ್ಲಿ, ಒಮ್ಮೆ ಮಾತ್ರ ಕಳೆಯಿರಿ. ಟೋಕನ್ ಪಟ್ಟಿಯಲ್ಲೂ ಅದೇ ಗ್ಯಾಸ್ ಮತ್ತೆ ಬರೆದಿರುತ್ತದೆ.

ಸಮಯ ಯುಟಿಸಿ ಸೆಕೆಂಡಿನಲ್ಲಿರುತ್ತದೆ. ಯುಟಿಸಿಯ ಮಾರ್ಚ್ 31ರ ಸಂಜೆ 6.30ಕ್ಕೆ ನಮ್ಮಲ್ಲಿ ಏಪ್ರಿಲ್ 1 ಶುರು. ಆದಾಯ ತೆರಿಗೆಯ ಲೆಕ್ಕ ಹಾಕುವವರಿಗೆ ಐದೂವರೆ ಗಂಟೆ ವರ್ಷವನ್ನೇ ಬದಲಿಸಿಬಿಡುತ್ತದೆ.

ಇಷ್ಟಾದರೂ ವ್ಯತ್ಯಾಸ ಉಳಿದರೆ? ಹಿಂದಿನ ಉಳಿಕೆಗಳನ್ನೆಲ್ಲ ಉಳಿಸಿಕೊಂಡಿರುವ ಕಂಪ್ಯೂಟರಾದ ಆರ್ಕೈವ್ ನೋಡ್‌ಗೆ ಹಳೆಯ ಬ್ಲಾಕ್ ಸಂಖ್ಯೆ ಕೊಟ್ಟು ಅಂದಿನ ಈಥರ್ ಉಳಿಕೆ ಕೇಳಬಹುದು. ಮೊದಲು ನಡುವಿನ ಬ್ಲಾಕಿನಲ್ಲಿ ನಿಮ್ಮ ಲೆಕ್ಕದೊಡನೆ ಹೋಲಿಸಿ. ಅಲ್ಲಿಗೆ ಸರಿಯಿದ್ದರೆ ತಪ್ಪು ಆಮೇಲಿನದು, ಇಲ್ಲದಿದ್ದರೆ ಮುಂಚಿನದು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ, ಎರಡು ಕೋಟಿ ಬ್ಲಾಕ್‌ಗಳ ನಡುವೆಯೂ ಸುಮಾರು 25 ಪ್ರಶ್ನೆಗಳಲ್ಲಿ ಲೆಕ್ಕ ಮೊದಲು ತಪ್ಪಿದ ಬ್ಲಾಕ್ ಸಿಗುತ್ತದೆ.