ಕುಲಪತಿಯ ಸಂದರ್ಶನದಲ್ಲಿ ಕೇಳದೆ ಉಳಿದ ಪ್ರಶ್ನೆ

ಕೇಳುಗರಿಗೆ ಬೆಳಗಾವಿಯಿಂದ ನಮಸ್ಕಾರ. ನಮ್ಮ ಊರಿನ ಕ್ಯಾಂಪ್ ಭಾಗದಲ್ಲಿ ಯೇಸುಸಭೆ (ಜೆಸ್ವಿಟ್) ಎಂಬ ಕಥೋಲಿಕ ಸಂಘದ ಗುರುಗಳ ಸೇಂಟ್ ಪಾಲ್ಸ್ ಶಾಲೆ 1856ರಿಂದ ನಡೆದುಕೊಂಡು ಬಂದಿದೆ. ಅಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಕಲಿತಿದ್ದಾರೆ. ಅದೇ ಸಭೆಯ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಆದ್ದರಿಂದ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಎಂಥವರು ಕುಲಪತಿಯಾಗಬೇಕು ಎಂಬುದು ಚರ್ಚಿನ ಒಳಮನೆಯ ಮಾತಾಗಿ ಉಳಿದಿಲ್ಲ.

ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಡುವ ಸಂವಿಧಾನದ 30ನೇ ವಿಧಿಯ ಪ್ರಕಾರ ಸಂಸ್ಥೆಯ ಮುಖ್ಯಸ್ಥರನ್ನು ಆರಿಸಿಕೊಳ್ಳುವುದು ಆ ಹಕ್ಕಿನ ಮುಖ್ಯ ಭಾಗವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ; ಅದನ್ನು ನಾವು ಬಳಸುವ ರೀತಿಯ ಬಗ್ಗೆ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ನಾನೂ ಕುಳಿತಿದ್ದೆ. ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಕೊಡುವ ಶ್ರೇಣಿ, ಪ್ರಬಂಧಗಳ ಸಂಖ್ಯೆ, ಪ್ರವೇಶಾತಿ, ಶುಲ್ಕ, ಮುಕ್ಕಾಲು ಗಂಟೆ ಇದೇ ಆಯಿತು. ಗೋಕಾಕ ಕಡೆಯ ಲಿಂಗಾಯತ ಪ್ರಾಧ್ಯಾಪಕರೊಬ್ಬರು ಏಳುವ ಮುನ್ನ, "ಈ ಸಂಸ್ಥೆ ಯಾತಕ್ಕ ಐತಿ ಅಂತ ನೀವು ಕೇಳಲೇ ಇಲ್ಲಲ್ರೀ, ಫಾದರ್" ಎಂದರು. ಫೈಲಿನ ದಾರ ಕಟ್ಟುತ್ತಿದ್ದ ಫಾದರ್ ಅವರ ಕೈ ಅಲ್ಲೇ ನಿಂತಿತು. ನಾನೂ ಬಾಯಿ ಬಿಡಲಿಲ್ಲ. ಆ ಮೌನ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಜಗದ್ಗುರು, ಅಂದರೆ ಪೋಪ್, 2ನೇ ಜಾನ್ ಪೌಲರು 1990ರ ಆಗಸ್ಟ್ 15ರಂದು ಹೊರಡಿಸಿದ ‘ಎಕ್ಸ್ ಕೋರ್ದೆ ಎಕ್ಲೆಸಿಯೇ’ ಎಂಬ, ಕಥೋಲಿಕ ವಿಶ್ವವಿದ್ಯಾಲಯಗಳ ಕುರಿತ ಶಾಸನವು, ಅಧ್ಯಾಪಕರಿಗೂ ಆಡಳಿತಗಾರರಿಗೂ ನೇಮಕದ ಹೊತ್ತಿನಲ್ಲೇ ಸಂಸ್ಥೆಯ ಕಥೋಲಿಕ ಸ್ವರೂಪವನ್ನು ತಿಳಿಸಬೇಕೆಂದೂ, ಪ್ರತಿಯೊಬ್ಬರ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಗೌರವಿಸಬೇಕೆಂದೂ ಸ್ಪಷ್ಟವಾಗಿ ವಿಧಿಸಿದೆ. ನಾವು ಮಾತ್ರ ನೇಮಕ ಮುಗಿದ ಮೇಲೆ ಧರ್ಮಸೇವೆಯ, ಅಂದರೆ ಸಂಸ್ಥೆ ಇರುವ ಉದ್ದೇಶದ, ಮಾತು ತೆಗೆಯುತ್ತೇವೆ, ಆಮೇಲೆ ಜಗಳವಾಡುತ್ತೇವೆ.

ನಿಲುವಂಗಿ ತೊಟ್ಟ ಗುರುಗಳೇ ಬೇಕೆಂದು ನಾನು ಹೇಳುತ್ತಿಲ್ಲ. 1789ರಲ್ಲಿ ಆರಂಭವಾದ ಅಮೆರಿಕದ ಕಥೋಲಿಕ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೇ 2001ರಲ್ಲಿ ಗುರುದೀಕ್ಷೆ ಪಡೆಯದ ಜಾನ್ ಡಿಜಾಯಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಆದರೆ ಧರ್ಮಸೇವೆಯೆಂದರೆ ವಾರ್ಷಿಕೋತ್ಸವದ ಪ್ರಾರ್ಥನೆಗೀತೆ ಎಂದುಕೊಂಡವರು, ನಿಲುವಂಗಿ ತೊಟ್ಟಿದ್ದರೂ, ಆ ಕುರ್ಚಿಗೆ ತಕ್ಕವರಲ್ಲ. ವಿಜಯಪುರದಿಂದ ಕಬ್ಬು ಕಡಿಯಲು ಗುಳೆ ಹೋಗುವವರ ಮಗಳಿಗೆ ಸೀಟು ಸಿಗುತ್ತದೆಯೇ, ಹಣದ ಅಡಚಣೆ ಬಂದಾಗ ತತ್ವಶಾಸ್ತ್ರ ವಿಭಾಗದ ಬಾಗಿಲನ್ನೇ ಮೊದಲು ಮುಚ್ಚುತ್ತಾರೆಯೇ ಎಂಬುದನ್ನು ನಿರ್ಧರಿಸುವುದು ಕುಲಪತಿಯ ಸಹಿ.

ಧರ್ಮಾಧ್ಯಕ್ಷರಲ್ಲಿ (ಬಿಷಪರಲ್ಲಿ), ಆಡಳಿತ ಮಂಡಳಿಗಳಲ್ಲಿ ನನ್ನದೊಂದೇ ಕೋರಿಕೆ: ಆ ಪ್ರಾಧ್ಯಾಪಕರು ಎತ್ತಿದ ಪ್ರಶ್ನೆಯನ್ನು ಅರ್ಜಿಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಿ, ಉತ್ತರವನ್ನು ಬರೆಸಿಕೊಂಡ ಮೇಲೆಯೇ ಸಂದರ್ಶನಕ್ಕೆ ಕರೆಯಿರಿ.