ಸೂರ್ಯನಿಗೆ ಬೆನ್ನು, ಕಾಮನಬಿಲ್ಲಿಗೆ ಎರಡು ಗೇಣು

ಕೇಳುಗರಿಗೆ ನಮಸ್ಕಾರ.

ಸಂಜೆ ಐದು ಗಂಟೆ ಅಂದುಕೊಳ್ಳಿ. ಪಕ್ಕದ ಬೀದಿಯಲ್ಲಿ ಇನ್ನೂ ಮಳೆ ಹನಿಯುತ್ತಿದೆ, ನಿಮ್ಮ ಅಂಗಳದಲ್ಲಿ ಆಗಲೇ ಬಿಸಿಲು. ನರಿಗೆ ಮದುವೆ ಅಂತ ಮಕ್ಕಳು ಕುಣಿಯುತ್ತಾರೆ. ದೊಡ್ಡವರು ಕಾಮನಬಿಲ್ಲು ಎಲ್ಲಿ ಅಂತ ಕತ್ತೆತ್ತಿ ಸುತ್ತ ಹುಡುಕುತ್ತಾರೆ. ಸುಮ್ನೆ ಹುಡುಕುವುದು ಬೇಡ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಎದುರಿಗೆ ನಿಮ್ಮ ನೆರಳು ಬಿದ್ದಿರುತ್ತದೆ, ಅಲ್ವಾ? ಆ ನೆರಳಿನ ತಲೆಯೇ ಬಿಲ್ಲಿನ ನಡುಬಿಂದು. ಕೈಯನ್ನು ಪೂರ್ತಿ ಚಾಚಿ, ಅಲ್ಲಿಂದ ಮೇಲಕ್ಕೆ ಎರಡು ಗೇಣು ಅಳೆಯಿರಿ. ಬಿಲ್ಲು ಮೂಡುವುದಿದ್ದರೆ ಹೆಚ್ಚುಕಡಿಮೆ ಅಲ್ಲೇ ಮೂಡಬೇಕು. ಚಾಚಿದ ಕೈಯ ಒಂದು ಗೇಣು ಸುಮಾರು 20 ಡಿಗ್ರಿ. ಕಾಮನಬಿಲ್ಲಿನ ಕೆಂಪು ಅಂಚು ಇರುವುದು 42 ಡಿಗ್ರಿಯಲ್ಲಿ.

ಈ 42 ಎಲ್ಲಿಂದ ಬಂತು?

ಒಂದು ಮಳೆಹನಿಯನ್ನು ನೆನೆಸಿಕೊಳ್ಳಿ. ಚಿತ್ರದಲ್ಲಿ ಬರೆಯುವ ಹಾಗೆ ಅದಕ್ಕೆ ಬಾಲವೇನೂ ಇರುವುದಿಲ್ಲ, ಸಣ್ಣ ಹನಿ ಗುಂಡಗೇ ಇರುತ್ತದೆ. ಬಿಸಿಲು ಅದರೊಳಗೆ ಹೋಗುವಾಗ ಬಾಗುತ್ತದೆ. ಬಿಸಿಲಿನಲ್ಲಿ ಬೆರೆತಿರುವ ಬಣ್ಣಗಳೆಲ್ಲ ಒಂದೇ ಸಮ ಬಾಗುವುದಿಲ್ಲ. ನೇರಳೆ ಜಾಸ್ತಿ, ಕೆಂಪು ಕಡಿಮೆ. ಒಳಗೆ ಹೋದ ಬೆಳಕಿನಲ್ಲಿ ಸ್ವಲ್ಪ ಹಿಂಬದಿಗೆ ತಾಗಿ, ಕನ್ನಡಿಗೆ ಬಡಿದಂತೆ ಮರಳುತ್ತದೆ. ಹೊರಬರುವಾಗ ಇನ್ನೊಮ್ಮೆ ಬಾಗುತ್ತದೆ.

ಇಷ್ಟನ್ನು ಶಾಲೆಯಲ್ಲಿ ಓದಿದ್ದೇವೆ. ಆದರೆ ಹನಿಯ ಮೈಮೇಲೆಲ್ಲ ಬಿಸಿಲು ಬೀಳುತ್ತದಲ್ಲ, ಹಾಗಾದರೆ ಬೆಳಕು ಕಂಡಕಂಡ ಕಡೆ ಚೆದುರಬೇಕಿತ್ತು. ಅಚ್ಚುಕಟ್ಟಾದ ಬಿಲ್ಲು ಹೇಗೆ ಬಂತು? ನನಗಂತೂ ಇದೇ ರುಚಿಯಾದ ಭಾಗ. ಹದಿನಾಲ್ಕನೇ ಶತಮಾನದ ಆರಂಭದಲ್ಲೇ ಜರ್ಮನಿಯ ಥಿಯೊಡೊರಿಕ್ ಎಂಬ ಕ್ರೈಸ್ತ ಸಂನ್ಯಾಸಿ, ಪರ್ಷಿಯಾದ ಅಲ್ ಫಾರಿಸಿ ಎಂಬ ವಿದ್ವಾಂಸ, ಇಬ್ಬರೂ ಬೇರೆಬೇರೆಯಾಗಿ ನೀರು ತುಂಬಿದ ಗಾಜಿನ ಗೋಳವನ್ನೇ ದೊಡ್ಡ ಹನಿ ಎಂದುಕೊಂಡು ಪರೀಕ್ಷೆ ಮಾಡಿದ್ದರು. ಕೋನದ ಲೆಕ್ಕವನ್ನು ಬಿಡಿಸಿ 1637ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ದೇಕಾರ್ತ. ಹನಿಯ ನಟ್ಟನಡುವೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸು. ಅಂಚಿನ ಕಡೆ ಸರಿದಷ್ಟೂ ಮರಳುವ ಕೋನ ಹಿಗ್ಗುತ್ತದೆ. 42 ಡಿಗ್ರಿ ಮುಟ್ಟಿದ ಮೇಲೆ ಮಾತ್ರ ಹಿಗ್ಗುವುದಿಲ್ಲ, ಮತ್ತೆ ಕುಗ್ಗುತ್ತದೆ. ಜೋಕಾಲಿ ತುದಿ ಮುಟ್ಟಿ ತಿರುಗುವಾಗ ಒಂದು ಗಳಿಗೆ ತಡೆದಂತಾಗುತ್ತದಲ್ಲ, ಹಾಗೆಯೇ ಈ ತಿರುವಿನಲ್ಲಿ ಕಿರಣಗಳು ಗುಂಪುಗೂಡುತ್ತವೆ. ಆ ಗುಂಪೇ ನಾವು ನೋಡುವ ಬಿಲ್ಲು. ಉಳಿದ ಬೆಳಕು ಬಿಲ್ಲಿನ ಒಳಗೆ ಹರಡಿರುತ್ತದೆ. ಅದಕ್ಕೇ ಒಳಗಿನ ಆಕಾಶ ಹೊರಗಿನದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಒಂದು ಹನಿ ಒಂದು ಕ್ಷಣಕ್ಕೆ ನಿಮ್ಮ ಕಣ್ಣಿಗೆ ಕೊಡುವುದು ಒಂದೇ ಬಣ್ಣ. ಮೇಲಿರುವಾಗ ಕೆಂಪು. ಬೀಳುತ್ತಾ ಬಂದಂತೆ ಹಳದಿ, ಹಸಿರು, ಕೊನೆಗೆ ನೇರಳೆ. ಅದು ಬಿಟ್ಟ ಜಾಗಕ್ಕೆ ಇನ್ನೊಂದು ಹನಿ ಬಂದಿರುತ್ತದೆ. ಇನ್ನು ಏಳು ಬಣ್ಣ ಅನ್ನುವ ಲೆಕ್ಕ ನ್ಯೂಟನ್ನನದು. ಅವನು ಮೊದಲು ಐದೇ ಹೇಳಿದ್ದ. ಸಂಗೀತದ ಏಳು ಸ್ವರಗಳಿಗೆ ಸರಿಹೊಂದಲಿ ಅಂತ ಆಮೇಲೆ ಇನ್ನೆರಡು ಸೇರಿಸಿದ. ನಿಜದಲ್ಲಿ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ನಾವು ಮಾತ್ರ ಪರೀಕ್ಷೆಗೆ ವಿಬ್‌ಗಯಾರ್ ಬಾಯಿಪಾಠ ಮಾಡಿದ್ದೇ ಮಾಡಿದ್ದು!

ಮಧ್ಯಾಹ್ನ ಬಿಲ್ಲು ಏಕೆ ಕಾಣುವುದಿಲ್ಲ ಎಂಬುದಕ್ಕೂ ನೆರಳೇ ಉತ್ತರ. ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಇಡೀ ಬಿಲ್ಲು ನೆಲದ ಅಂಚಿನ ಕೆಳಗೆ ಇಳಿದುಬಿಡುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆಕಾಶ ನೋಡುವ ಶ್ರಮ ಬೇಡ. ಬೆಟ್ಟದ ಮೇಲೋ ಜೋಗದಲ್ಲೋ ನಿಂತಿದ್ದರೆ ಮಾತು ಬೇರೆ. ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ, ತುಂತುರು ನಿಮ್ಮ ಕಾಲಿಗಿಂತ ಕೆಳಗೆ ಏಳುತ್ತದೆ. ಬಿಸಿಲು ಬೆನ್ನಿಗಿದ್ದರೆ ಅಲ್ಲಿ ಬಿಲ್ಲನ್ನು ಬಗ್ಗಿ ನೋಡಬಹುದು. ವಿಮಾನದಿಂದ ಒಮ್ಮೊಮ್ಮೆ ಪೂರ್ತಿ ಬಳೆಯೇ ಕಾಣುತ್ತದೆ.

ಮಳೆ ಜಾಸ್ತಿ ಬಿದ್ದಲ್ಲಿ ಬಿಲ್ಲೂ ಜಾಸ್ತಿ ಅಂದುಕೊಳ್ಳಬೇಡಿ. ಮಲೆನಾಡಿನ ಆಷಾಢದಲ್ಲಿ ದಿನಗಟ್ಟಲೆ ಸೂರ್ಯನ ಮುಖವೇ ಕಾಣುವುದಿಲ್ಲ, ಬಿಲ್ಲು ಎಲ್ಲಿಂದ ಬರಬೇಕು? ಅದಕ್ಕೆ ಬಿಡಿಬಿಡಿ ಮಳೆ ಬೇಕು. ಕುರುಡು ಚಿತ್ತೆ ಎರಚಿದತ್ತ ಬೆಳೆ ಅನ್ನುತ್ತಾರಲ್ಲ ರೈತರು, ಅಂಥ ಮಳೆ. ಈ ಹೊಲ ಒದ್ದೆ, ಆ ಹೊಲ ಒಣ. ಸಂಜೆಯಾದರೆ ಪೂರ್ವಕ್ಕೆ ನೋಡಿ, ಬೆಳಿಗ್ಗೆಯಾದರೆ ಪಶ್ಚಿಮಕ್ಕೆ. ಬಿಲ್ಲು ಸಿಕ್ಕಿದರೆ ಅದರ ಹೊರಗೂ ಕಣ್ಣು ಹಾಯಿಸಿ. ಹನಿಯೊಳಗೆ ಎರಡು ಸಲ ಮರಳಿದ ಬೆಳಕಿನಿಂದ ಮಂಕಾದ ಎರಡನೇ ಬಿಲ್ಲು ಇದ್ದೀತು. ಅದರಲ್ಲಿ ಬಣ್ಣಗಳು ತಿರುಗುಮುರುಗು, ಕೆಂಪು ಒಳಗೆ.

ಮಳೆಗಾಗಿ ಕಾಯಲು ಆಗದವರು ಬೆಳಿಗ್ಗೆ ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ತುಂತುರು ಹಾರಿಸಿ. ಬೆನ್ನಿಗೆ ಬಿಸಿಲಿರಲಿ. ಬಿಲ್ಲು ಬಂದ ಮೇಲೆ ಒಂದು ಕಣ್ಣು ಮುಚ್ಚಿ. ಆಮೇಲೆ ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ. ಬಿಲ್ಲು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ನಿಮ್ಮ ಎಡಗಣ್ಣಿನ ಬಿಲ್ಲೇ ಬೇರೆ, ಬಲಗಣ್ಣಿನದೇ ಬೇರೆ.

ನಮಸ್ಕಾರ.