ಟ್ಯೂಬ್‌ನ ಮುಚ್ಚಳಕ್ಕೆ ಯಾವ ಥ್ರೆಡ್? ಮೊದಲು ಗೋಡೆ ಅಳೆಯಿರಿ

ನನ್ನ ಟೇಬಲ್ ಮೇಲೆ ಇರುವುದು ಒಂದು ಅಲ್ಯೂಮಿನಿಯಂ ಟ್ಯೂಬ್. ಹೊರ ವ್ಯಾಸ 25 ಮಿಲಿಮೀಟರ್, ಗೋಡೆ 2 ಮಿಲಿಮೀಟರ್. ಅಂದರೆ ಒಳಗೆ 21. ಇದರ ಎರಡೂ ತುದಿಗೆ ತಿರುಗಿಸಿ ಹಾಕುವ ಮುಚ್ಚಳ ಮಾಡಬೇಕು. ಒಳಗೆ ಇಡುವುದು ಬ್ರಷ್, ಪೆನ್ಸಿಲ್, ಸಣ್ಣ ಫೈಲ್‌ಗಳು. ನೀರು ಹೋಗಬಾರದು, ಅಷ್ಟೇ. ಒತ್ತಡ ತಡೆಯುವ ವಸ್ತು ಇದಲ್ಲ, ಅದರ ಲೆಕ್ಕವೇ ಬೇರೆ.

ಥ್ರೆಡ್ (ತಿರುಪಿನ ಏಣು) ಅಂದ ಕೂಡಲೇ ಸೈಜ್‌ಗಳ ಚಾರ್ಟ್ ಹುಡುಕುವವರೇ ಜಾಸ್ತಿ. ಚಾರ್ಟ್ ಆಮೇಲೆ ನೋಡೋಣ, ಮೊದಲು ಅಳೆಯುವ ವರ್ನಿಯರ್ ಕ್ಯಾಲಿಪರ್ ತೆಗೆಯಿರಿ. ಇಲ್ಲಿ ಎಲ್ಲವನ್ನೂ ತೀರ್ಮಾನ ಮಾಡುವುದು ಟ್ಯೂಬ್‌ನ ಗೋಡೆ.

ಹೇಗೆ ಅಂತ ನೋಡಿ. 25ಕ್ಕೆ ಹತ್ತಿರದ ಮಾಮೂಲಿ ಸೈಜ್ ಎಂ24, ಅಂದರೆ 24 ಮಿಲಿಮೀಟರ್ ವ್ಯಾಸದ ಮೆಟ್ರಿಕ್ ಥ್ರೆಡ್. ಅದರ ಸಾಮಾನ್ಯ ಪಿಚ್ (ಒಂದು ಏಣಿನಿಂದ ಪಕ್ಕದ ಏಣಿಗೆ ಇರುವ ದೂರ) 3 ಮಿಲಿಮೀಟರ್. ಟ್ಯೂಬನ್ನು ಲೇತ್‌ನಲ್ಲಿ 24ಕ್ಕೆ ಇಳಿಸಿದರೆ ಗೋಡೆ ಒಂದೂವರೆ ಮಿಲಿಮೀಟರ್ ಉಳಿಯುತ್ತದೆ. ಮೆಟ್ರಿಕ್ ಥ್ರೆಡ್‌ನ ಆಳ ಸುಮಾರು ಪಿಚ್‌ನ 0.61 ಪಟ್ಟು. ಪಿಚ್ 3 ಆದರೆ ಆಳ 1.84. ಗೋಡೆ ಇರುವುದೇ 1.5! ಟೂಲ್ ಗೋಡೆ ದಾಟಿ ಒಳಗೆ ಬಂದುಬಿಡುತ್ತದೆ. ಕೈಗೆ ಸಿಗುವುದು ಥ್ರೆಡ್ ಅಲ್ಲ, ಸ್ಪ್ರಿಂಗ್.

ಅದೇ ಎಂ25×1, ಅಂದರೆ 25 ವ್ಯಾಸ, 1 ಪಿಚ್, ಹಾಕಿ. ಟ್ಯೂಬನ್ನು ಇಳಿಸುವ ಕೆಲಸವೇ ಇಲ್ಲ. ಆಳ 0.61, ಥ್ರೆಡ್‌ನ ಬುಡದಲ್ಲಿ ಇನ್ನೂ ಸುಮಾರು 1.4 ಮಿಲಿಮೀಟರ್ ಲೋಹ ಇರುತ್ತದೆ. ಪಿಚ್ 1.5 ಮಾಡಿದರೆ 1.1 ಉಳಿಯುತ್ತದೆ, ಅದೂ ನಡೆಯುತ್ತದೆ. ಕ್ಯಾಮೆರಾ ಲೆನ್ಸ್‌ನ ಫಿಲ್ಟರ್ ರಿಂಗ್ ನೋಡಿದ್ದೀರಲ್ವಾ? ಅಷ್ಟು ತೆಳು ರಿಂಗ್‌ಗೆ ಹೆಚ್ಚಾಗಿ 0.75 ಪಿಚ್ ಇರುವುದೂ ಇದೇ ಕಾರಣಕ್ಕೆ.

ಈಗ ನನಗೆ ಇಷ್ಟವಾದ ದಾರಿ. ಥ್ರೆಡ್ ಹೊರಗೆ ಬೇಡ, ಒಳಗೆ ಇರಲಿ. ಒಳ ಥ್ರೆಡ್‌ಗೆ ತೂತು ಎಷ್ಟಿರಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ: ಸೈಜ್‌ನಿಂದ ಪಿಚ್ ಕಳೆಯಿರಿ. ಎಂ22×1ಕ್ಕೆ 22ರಲ್ಲಿ 1 ಕಳೆದರೆ 21. ನಮ್ಮ ಟ್ಯೂಬ್‌ನ ಒಳ ಅಳತೆ ಅದೇ! ಗೋಡೆಯೂ ಒಂದೂವರೆ ಉಳಿಯುತ್ತದೆ. ಮುಚ್ಚಳ ಟ್ಯೂಬ್‌ಗಿಂತ ದಪ್ಪ ಆಗುವುದಿಲ್ಲ, ಬಿದ್ದರೂ ಟ್ಯೂಬ್‌ನ ಥ್ರೆಡ್‌ಗೆ ಪೆಟ್ಟು ಬೀಳುವುದಿಲ್ಲ. ಒಂದೇ ತಕರಾರು, ಬ್ರಷ್ ತೆಗೆಯುವಾಗ ಕೂದಲು ಥ್ರೆಡ್‌ಗೆ ತಾಗುತ್ತದೆ. ನಾನು ಅದನ್ನು ಒಪ್ಪಿಕೊಂಡಿದ್ದೇನೆ. 21 ಅಂತ ಬರೆದಿದ್ದರೂ ಒಳಗೆ ಒಮ್ಮೆ ಅಳೆದುಬಿಡಿ, ಬೆಸುಗೆ ಹಾಕಿದ ಟ್ಯೂಬ್ ಆದರೆ ಒಳಗೆ ಏಣು ಇರುತ್ತದೆ.

ನೀರಿನ ಪೈಪ್‌ನ ಕ್ಯಾಪ್ ತಂದು ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಇಂಥ ತೆಳು ಟ್ಯೂಬ್‌ಗೆ ಬೇಡ. ಅರ್ಧ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಅಳೆದರೆ ಹೊರ ವ್ಯಾಸ 20.955 ಮಿಲಿಮೀಟರ್ ಬರುತ್ತದೆ, ಅರ್ಧ ಇಂಚು ಎಲ್ಲೂ ಕಾಣಿಸುವುದಿಲ್ಲ. ಆ ಹೆಸರು ಪೈಪ್‌ನ ಒಳ ತೂತಿನ ಲೆಕ್ಕದಿಂದ ಬಂದದ್ದು. ಇಂಚಿಗೆ 14 ಥ್ರೆಡ್, ಏಣಿನ ಕೋನ 55 ಡಿಗ್ರಿ. ಅಮೆರಿಕದ ಪೈಪ್ ಥ್ರೆಡ್ ಎನ್‌ಪಿಟಿಯಲ್ಲೂ ಅರ್ಧ ಇಂಚಿನ ಸೈಜ್‌ಗೆ ಪ್ರತಿ ಇಂಚಿನಲ್ಲಿ 14 ಥ್ರೆಡ್ಡೇ, ಆದರೆ ಕೋನ 60, ಮೇಲಾಗಿ ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ. ಎರಡನ್ನೂ ಜೋಡಿಸಿದರೆ ಮೊದಲ ಸುತ್ತು ಸರಾಗವಾಗಿ ಹೋಗಿ ನಂಬಿಸಿಬಿಡುತ್ತದೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ.

ಸಣ್ಣ ಪಿಚ್‌ಗೂ ಕಾಟ ಇದೆ. ಪಿಚ್ 1 ಆಗಿ, ಥ್ರೆಡ್ 6 ಮಿಲಿಮೀಟರ್ ಉದ್ದ ಇದ್ದರೆ ಆರು ಸುತ್ತು ತಿರುಗಿಸಬೇಕು. ದಿನಕ್ಕೆ ಹತ್ತು ಸಲ ತೆಗೆಯುವ ಡಬ್ಬಿಗೆ ಇದು ಕಿರಿಕಿರಿ. ಇಂಕ್ ಪೆನ್‌ನ ಕ್ಯಾಪ್ ಒಂದೆರಡು ಸುತ್ತಿಗೇ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಅದರಲ್ಲಿ ಎರಡು ಮೂರು ಥ್ರೆಡ್‌ಗಳು ಒಟ್ಟೊಟ್ಟಿಗೆ ಓಡುತ್ತವೆ. ಲೇತ್‌ನಲ್ಲಿ ಅದನ್ನೂ ಕತ್ತರಿಸಬಹುದು, ಆದರೆ ತಾಳ್ಮೆ ಬೇಕು. ಇನ್ನೊಂದು, ಸಣ್ಣ ಪಿಚ್ ಓರೆಯಾಗಿ ಹತ್ತಿಕೊಳ್ಳುವುದು ಬೇಗ. ಮುಚ್ಚಳ ಇಟ್ಟು ಮೊದಲು ಹಿಂದಕ್ಕೆ ತಿರುಗಿಸಿ. ಬೆರಳಿಗೆ ಸಣ್ಣದಾಗಿ ಟಕ್ ಅನ್ನಿಸುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ.

ನೀರು ತಡೆಯುವುದು ಥ್ರೆಡ್ ಅಲ್ಲ, ಓ-ರಿಂಗ್ ಅನ್ನುವ ರಬ್ಬರ್ ಬಳೆ. ಮುಚ್ಚಳದ ಬುಡದಲ್ಲಿ ಅದಕ್ಕೊಂದು ಗ್ರೂವ್ ಬಿಡಿ. ಥ್ರೆಡ್‌ಗೆ ಗ್ರೀಸ್ ಸವರಿ. ಬರಿ ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜಿದರೆ ಕಚ್ಚಿಕೊಳ್ಳುತ್ತದೆ, ಸ್ಟೇನ್‌ಲೆಸ್ ಸ್ಟೀಲ್‌ನ ಕಥೆಯೂ ಅದೇ.

ಕೊನೆಗೆ ಆನೊಡೈಸಿಂಗ್, ಅಂದರೆ ಅಲ್ಯೂಮಿನಿಯಂ ಮೇಲೆ ವಿದ್ಯುತ್‌ನಿಂದ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು. ಬಣ್ಣ ಚೆನ್ನಾಗಿ ಬರುತ್ತದೆ ಅಂತ ಸುಮ್ನೆ ಕಳಿಸಬೇಡಿ. 50 ಮೈಕ್ರಾನ್‌ನ ಹಾರ್ಡ್ ಆನೊಡೈಸಿಂಗ್‌ನಲ್ಲಿ ಸುಮಾರು ಅರ್ಧ, ಅಂದರೆ 25 ಮೈಕ್ರಾನ್, ಮೇಲಕ್ಕೆ ಬೆಳೆಯುತ್ತದೆ. 60 ಡಿಗ್ರಿ ಥ್ರೆಡ್‌ನ ಪಿಚ್ ವ್ಯಾಸದಲ್ಲಿ (ಏಣು ಮತ್ತು ತಗ್ಗಿನ ಅಗಲ ಸಮ ಇರುವ ಕಡೆಯ ವ್ಯಾಸ) ಅದು ನಾಲ್ಕು ಪಟ್ಟಾಗಿ 100 ಮೈಕ್ರಾನ್ ಆಗುತ್ತದೆ. ಎಂ22×1ರ ಹೊರ ಥ್ರೆಡ್‌ಗೆ ಬಳಸುವ ಮಾಮೂಲಿ 6ಜಿ ಅನ್ನುವ ಫಿಟ್‌ನಲ್ಲಿ ಖಾತ್ರಿಯಾಗಿ ಸಿಗುವ ಸಡಿಲ ಬರೀ 26 ಮೈಕ್ರಾನ್. ಹಾಗಾಗಿ ಡ್ರಾಯಿಂಗ್‌ನಲ್ಲಿ ಥ್ರೆಡ್ ಭಾಗವನ್ನು ಮುಚ್ಚಿ ಆನೊಡೈಸ್ ಮಾಡಿ ಅಂತ ಬರೆದುಕೊಡಿ. ಥ್ರೆಡ್‌ಗೂ ಆನೊಡೈಸಿಂಗ್ ಬೇಕೇ ಬೇಕು ಅಂದರೆ, ಕತ್ತರಿಸುವಾಗಲೇ ಅಷ್ಟು ಜಾಗ ಬಿಟ್ಟುಕೊಳ್ಳಿ.